ಹಲ್ಲಿನ ಸೂಜಿಮದ್ದೂ ಹೃದಯದ ತಾಳವೂ

ಹಲ್ಲುನೋವು ಪ್ರಾಣ ತೆಗೆಯುವ ರೋಗವಲ್ಲವೆಂದು ಬಲ್ಲವರು ಹೇಳುತ್ತಾರೆ. ಆದರೆ ಹಲ್ಲುನೋವಿನಿಂದ ನರಳುತ್ತಿರುವವರ ಎದುರಿಗೆ ನಿಂತು ಈ ಮಾತನ್ನಾಡುವ ಧೈರ್ಯ ಯಾರಿಗೂ ಬರಲಾರದು. ಬೆಂಗಳೂರಿನ ಆರ್.ಟಿ. ನಗರದಲ್ಲಿ ವಾಸವಾಗಿರುವ ಹಿರಿಯರೊಬ್ಬರನ್ನು ನಾವು ಕಲ್ಪಿಸಿಕೊಳ್ಳೋಣ. ವಯಸ್ಸು ಅರವತ್ತೆಂಟು. ಕೆಳಗಿನ ದವಡೆಹಲ್ಲಿಗೆ ಹುಳುಕು ಹತ್ತಿ ಮೂರು ರಾತ್ರಿ ನಿದ್ದೆಯಿಲ್ಲ. ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಇಟ್ಟದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು. ನಾಲ್ಕನೆಯ ದಿನ, ಕಾಲೇಜಿನಲ್ಲಿ ಓದುವ ಮೊಮ್ಮಗಳು ಅವರನ್ನು ಹತ್ತಿರದ ದಂತವೈದ್ಯರ ಬಳಿಗೆ ಕರೆದೊಯ್ಯುತ್ತಾಳೆ. ಅಲ್ಲಿ ಒಂದು ಕಾಗದವನ್ನು ಕೊಡುತ್ತಾರೆ. ಹೃದಯದ ತೊಂದರೆ ಉಂಟೇ, ಯಾವ ಮಾತ್ರೆಗಳನ್ನು ಸೇವಿಸುತ್ತಿದ್ದೀರಿ ಎಂದು ಅದರಲ್ಲಿ ಪ್ರಶ್ನೆಗಳಿವೆ. ಮೊಮ್ಮಗಳು ಬರೆಯಲು ಹೊರಟಾಗ ತಾತ ಅವಳ ಕೈ ತಡೆದು ಮೆಲ್ಲಗೆ, "ಅದನ್ನೆಲ್ಲಾ ಬರೀಬೇಡಮ್ಮಾ, ಬರೆದರೆ ಹಲ್ಲು ಕೀಳದೆ ವಾಪಸು ಕಳಿಸಿಬಿಡ್ತಾರೆ" ಎನ್ನುತ್ತಾರೆ.

ಈ ತಾತ ಎರಡು ವರ್ಷಗಳಿಂದ ಊರಿನ ದಕ್ಷಿಣ ಭಾಗದಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗಿಬರುತ್ತಿದ್ದಾರೆ. ಅವರ ಹೃದಯದ ಬಡಿತ ತಾಳ ತಪ್ಪಿದೆ. ಬಡಿತವನ್ನು ಹದದಲ್ಲಿಡಲು ಒಂದು ಮಾತ್ರೆ, ರಕ್ತ ಹೆಪ್ಪುಗಟ್ಟದಿರಲು ಇನ್ನೊಂದು ಮಾತ್ರೆ ನಡೆಯುತ್ತಿವೆ. ಅವರ ಮಾತಿನಲ್ಲಿ ಇರುವುದು ಮೋಸವಲ್ಲ, ಭಯ. ದಂತವೈದ್ಯರಿಗೂ ಒಂದು ಭಯವಿದೆ: ತಾವು ಚುಚ್ಚುವ ಮದ್ದಿನಿಂದ ಈ ಹೃದಯಕ್ಕೆ ಏನಾದರೂ ಆದರೆ? ಈ ಎರಡು ಭಯಗಳ ನಡುವೆ ಹುಳುಕು ಹಲ್ಲು ಹಾಗೆಯೇ ಉಳಿದು, ಕೀವು ತುಂಬಿ, ದವಡೆ ಊದಿಕೊಂಡವರು ಅನೇಕರು. ಭಯದಲ್ಲಿ ನಿಜವೆಷ್ಟು, ವದಂತಿಯೆಷ್ಟು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಹಿರಿಯರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗುವ, ಆ ಕಾಗದವನ್ನು ತುಂಬುವ ಕೆಲಸ ಇಂದಿನ ಮನೆಗಳಲ್ಲಿ ಬಹುಪಾಲು ವಿದ್ಯಾರ್ಥಿಗಳದೇ ಆಗಿರುವುದರಿಂದ ಇದನ್ನು ಅವರಿಗಾಗಿಯೇ ಬರೆಯುತ್ತಿದ್ದೇವೆ.

ಮೊದಲು ತಾಳದ ವಿಷಯ. ನಿಮಿಷಕ್ಕೆ 72 ಸಲ ಬಡಿಯುವ ಹೃದಯ ದಿನವೊಂದಕ್ಕೆ ಲಕ್ಷಕ್ಕೂ ಮಿಗಿಲಾಗಿ ಬಡಿಯುತ್ತದೆ. ಈ ಬಡಿತಕ್ಕೆ ಅಪ್ಪಣೆ ಮೆದುಳಿನಿಂದ ಬರುವುದೆಂದು ಹಲವರು ತಿಳಿದಿದ್ದಾರೆ. ಮೆದುಳು ಬಡಿತವನ್ನು ಹೆಚ್ಚಿಸಬಲ್ಲದು, ತಗ್ಗಿಸಬಲ್ಲದು. ಆದರೆ ಬಡಿತವನ್ನು ಹುಟ್ಟಿಸುವುದು ಹೃದಯವೇ. ಬಲ ಹೃತ್ಕರ್ಣದ ಗೋಡೆಯಲ್ಲಿ ವಿಶೇಷ ಸ್ನಾಯುಕೋಶಗಳ ಒಂದು ಪುಟ್ಟ ಗಂಟು ಇದೆ. 1907ರಲ್ಲಿ ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲಾಕ್ ಎಂಬವರು ಇದನ್ನು ವರ್ಣಿಸಿದರು. ಅಲ್ಲಿ ಹುಟ್ಟಿದ ವಿದ್ಯುತ್ ಪ್ರಚೋದನೆ ಎರಡು ಹೃತ್ಕರ್ಣಗಳಲ್ಲಿ ಹರಡಿ, ಹೃತ್ಕರ್ಣ ಹೃತ್ಕುಕ್ಷಿಗಳ ನಡುವಣ ಇನ್ನೊಂದು ಗಂಟಿನಲ್ಲಿ ಕ್ಷಣಕಾಲ ತಡೆದು, ಅನಂತರ ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಈ ಎರಡನೆಯ ಗಂಟನ್ನು ಜಪಾನಿನ ಸುನಾವೊ ತವಾರ 1906ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿದ್ದಾಗ ಕಂಡುಹಿಡಿದನು. ಕ್ಷಣಕಾಲದ ಆ ತಡೆ ಇರುವುದರಿಂದಲೇ ಮೇಲಿನ ಕೋಣೆಗಳು ರಕ್ತವನ್ನು ಕೆಳಕ್ಕೆ ತಳ್ಳಿ ಮುಗಿಸಿದ ಮೇಲೆ ಕೆಳಗಿನ ಕೋಣೆಗಳು ಕುಗ್ಗುತ್ತವೆ.

ತಾಳ ತಪ್ಪುವುದೆಲ್ಲಾ ರೋಗವಲ್ಲ. ವಾಚಕರು ಈಗಲೇ ತಮ್ಮ ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರನ್ನು ಒಳಕ್ಕೆಳೆದು, ನಿಧಾನವಾಗಿ ಹೊರಕ್ಕೆ ಬಿಡಲಿ. ಒಳಕ್ಕೆ ಎಳೆಯುವಾಗ ನಾಡಿ ಕೊಂಚ ಚುರುಕಾಗಿ, ಬಿಡುವಾಗ ಕೊಂಚ ನಿಧಾನವಾಗುವುದು ತರುಣರಲ್ಲಿ ಚೆನ್ನಾಗಿಯೇ ತಿಳಿಯುತ್ತದೆ. ಇದು ಆರೋಗ್ಯದ ಲಕ್ಷಣ. ಆಗೊಮ್ಮೆ ಈಗೊಮ್ಮೆ ಬಡಿತವೊಂದು ಮುಂಚಿತವಾಗಿ ಬಂದು, ಅದರ ಹಿಂದೆ ತುಸು ಬಿಡುವಾಗಿ, "ಎದೆ ಧಸಕ್ಕೆಂದಿತು" ಎನಿಸುವುದೂ ಬಹುಮಟ್ಟಿಗೆ ನಿರಪಾಯಕರ. ನಮ್ಮ ತಾತನದು ಬೇರೆ ಬಗೆ. ಅವರ ಹೃತ್ಕರ್ಣಗಳು ಕ್ರಮವಾಗಿ ಕುಗ್ಗುವ ಬದಲು ಸುಮ್ಮನೆ ಅದುರುತ್ತಿರುತ್ತವೆ. ನಾಡಿಯಲ್ಲಿ ಒಂದು ಬಡಿತಕ್ಕೂ ಮುಂದಿನದಕ್ಕೂ ಯಾವ ಲೆಕ್ಕವೂ ಸಿಗದು. ಇದಕ್ಕೆ ಹೃತ್ಕರ್ಣ ಕಂಪನ ಎನ್ನೋಣ. ನಮ್ಮ ದೇಶದಲ್ಲಿ ಬಾಲ್ಯದ ಗಂಟಲುನೋವು ಮತ್ತು ಕೀಲುಜ್ವರದ ಪರಿಣಾಮವಾಗಿ ಹೃದಯದ ಕವಾಟ ಕೆಟ್ಟು, ಇದು ತರುಣರಲ್ಲಿಯೂ ಕಾಣಿಸಿಕೊಳ್ಳುವುದುಂಟು. ಇನ್ನು ಕೆಲವರಿಗೆ ಇದ್ದಕ್ಕಿದ್ದಂತೆ ನಾಡಿ ನಿಮಿಷಕ್ಕೆ 150ನ್ನೂ ದಾಟಿ ಓಡಿ, ಇದ್ದಕ್ಕಿದ್ದಂತೆಯೇ ನಿಲ್ಲುತ್ತದೆ. ಮತ್ತೆ ಕೆಲವು ಕುಟುಂಬಗಳಲ್ಲಿ, ಬಡಿತ ಬಡಿತಗಳ ನಡುವೆ ಹೃತ್ಕುಕ್ಷಿ ಚೇತರಿಸಿಕೊಳ್ಳಲು ಬೇಕಾಗುವ ಕಾಲ ಹುಟ್ಟಿನಿಂದಲೇ ದೀರ್ಘವಾಗಿರುತ್ತದೆ. ಓಡುವಾಗ, ಬೆಚ್ಚಿಬಿದ್ದಾಗ ಅಂಥವರು ಮೂರ್ಛೆ ಹೋಗಬಹುದು. ಈ ಕೊನೆಯ ಬಗೆ ಅಪರೂಪ, ಆದರೆ ಅಪಾಯಕರ. ಕ್ಯೂ-ಟಿ ದೀರ್ಘತೆಯೆಂದು ಅದರ ಹೆಸರು. ಹೃದಯದ ವಿದ್ಯುತ್ತನ್ನು ಕಾಗದದ ಮೇಲೆ ಬರೆಯುವ ಇ.ಸಿ.ಜಿ. ಚಿತ್ರದಲ್ಲಿನ ಎರಡು ಅಲೆಗಳ ಅಕ್ಷರಗಳಿಂದ ಈ ಹೆಸರು ಬಂದಿದೆ.

ಈಗ ದಂತವೈದ್ಯರ ಸಿರಿಂಜಿನತ್ತ ನೋಡೋಣ. ಅದರಲ್ಲಿರುವುದು ಒಂದು ಮದ್ದಲ್ಲ, ಎರಡು. ಮೊದಲನೆಯದು ನರವನ್ನು ಮರಗಟ್ಟಿಸುವ ಲಿಗ್ನೊಕೇನ್. ಇದಕ್ಕೆ ಲಿಡೊಕೇನ್ ಎಂಬ ಹೆಸರೂ ಇದೆ. ಎರಡನೆಯದು ಅಡ್ರಿನಲಿನ್. ಜನರು ಎರಡನ್ನೂ ಸೇರಿಸಿ "ಹಲ್ಲಿನ ಇಂಜೆಕ್ಷನ್" ಎನ್ನುವುದರಿಂದ ಒಂದರ ದೋಷ ಇನ್ನೊಂದರ ತಲೆಗೆ ಬರುತ್ತದೆ.

ಹಲ್ಲಿಗೆ ಸ್ಥಾನಿಕ ಅರಿವಳಿಕೆ ಕೊಡುವ ಪ್ರಯತ್ನ 1884ರಲ್ಲಿ ಕೊಕೇನಿನಿಂದ ಆರಂಭವಾಯಿತು. ಆ ವರ್ಷ ಕಾರ್ಲ್ ಕೋಲರನು ವಿಯೆನ್ನಾದಲ್ಲಿ ಕಣ್ಣಿಗೆ ಕೊಕೇನ್ ಹನಿಸಿ ನೋವಿಲ್ಲದೆ ಶಸ್ತ್ರಕ್ರಿಯೆ ಸಾಧ್ಯವೆಂದು ತೋರಿಸಿದನು. ಕೆಲವೇ ತಿಂಗಳಲ್ಲಿ ನ್ಯೂಯಾರ್ಕಿನ ಹಾಲ್ಸ್ಟೆಡ್ ಅದನ್ನು ಕೆಳದವಡೆಯ ನರದ ಬಳಿ ಚುಚ್ಚಿದನು. ಪ್ರಯೋಗ ಮಾಡುತ್ತಾ ಮಾಡುತ್ತಾ ಹಾಲ್ಸ್ಟೆಡ್ ತಾನೇ ಆ ವಸ್ತುವಿನ ಚಟಕ್ಕೆ ಬಿದ್ದದ್ದು ವೈದ್ಯಚರಿತ್ರೆಯ ದುಃಖದ ಕಥೆಗಳಲ್ಲೊಂದು. ಕೊಕೇನ್ ಹೃದಯಕ್ಕೂ ಹಗೆ. 1905ರ ಹೊತ್ತಿಗೆ ಜರ್ಮನಿಯ ಐನ್‌ಹಾರ್ನನ ಪ್ರೊಕೇನ್ ಬಂದಿತು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ ಲಿಗ್ನೊಕೇನನ್ನು ತಯಾರಿಸಿದರು. ಆಸ್ಟ್ರಾ ಎಂಬ ಸ್ವೀಡಿಷ್ ಸಂಸ್ಥೆ 1948ರಲ್ಲಿ ಅದನ್ನು ಸೈಲೋಕೇನ್ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು.

ಈ ಆಸ್ಟ್ರಾ ಸಂಸ್ಥೆಗೂ ಬೆಂಗಳೂರಿನ ಉತ್ತರ ಭಾಗಕ್ಕೂ ನಂಟಿದೆ. 1979ರಲ್ಲಿ ಆಸ್ಟ್ರಾ-ಐ.ಡಿ.ಎಲ್. ಎಂಬ ಕಂಪೆನಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು; ಯಲಹಂಕದ ಆಚೆ ಬಳ್ಳಾರಿ ರಸ್ತೆಯ ಹನ್ನೆರಡನೆಯ ಮೈಲಿಯ ಬಳಿ, ಕಟ್ಟಿಗೇನಹಳ್ಳಿಯಲ್ಲಿ ಅದರ ಕಾರ್ಖಾನೆ. ಮುಂದೆ ಅದು ಆಸ್ಟ್ರಾಜೆನಿಕಾ ಎಂಬ ಹೆಸರನ್ನು ತಳೆದು, ಆ ಕಾರ್ಖಾನೆಯಿಂದ ಹೊರನಡೆಯುವುದಾಗಿ 2023ರಲ್ಲಿ ಪ್ರಕಟಿಸಿತು. ನಮಗೆ ಇಲ್ಲಿ ಮುಖ್ಯವಾದ ಸಂಗತಿ ಬೇರೆ. ಈ ಸಂಸ್ಥೆ ಲಿಗ್ನೊಕೇನನ್ನು ನಮ್ಮ ದೇಶದಲ್ಲಿ ಎರಡು ಹೆಸರುಗಳಿಂದ ಮಾರುತ್ತಿತ್ತು. ಹಲ್ಲು, ಚರ್ಮ ಮೊದಲಾದವನ್ನು ಮರಗಟ್ಟಿಸುವುದಕ್ಕೆ ಸೈಲೋಕೇನ್. ಹೃದ್ರೋಗ ಚಿಕಿತ್ಸೆಗೆ ಸೈಲೋಕಾರ್ಡ್. ಹಲ್ಲಿನ ಮದ್ದಿಗೆ ಹೃದಯದಲ್ಲಿ ಏನು ಕೆಲಸ?

ನರತಂತುವಿನಲ್ಲಿ ನೋವಿನ ಸುದ್ದಿ ಸಾಗುವುದು ಸೋಡಿಯಂ ಅಯಾನುಗಳು ಕೋಶದೊಳಕ್ಕೆ ನುಗ್ಗುವುದರಿಂದ. ಆ ಅಯಾನುಗಳು ನುಗ್ಗುವ ಬಾಗಿಲುಗಳಿಗೆ ಲಿಗ್ನೊಕೇನ್ ಅಗುಳಿ ಹಾಕುತ್ತದೆ. ಹೃತ್ಕುಕ್ಷಿಯ ಸ್ನಾಯುಗಳಲ್ಲಿಯೂ ಅಂಥವೇ ಬಾಗಿಲುಗಳಿವೆ. ಹೃದಯಾಘಾತದ ತರುವಾಯ ಹೃತ್ಕುಕ್ಷಿ ಕಂಗೆಟ್ಟು ಅತಿವೇಗವಾಗಿ ಬಡಿಯತೊಡಗಿದಾಗ, ಪದೇ ಪದೇ ತೆರೆಯುತ್ತಿರುವ ಬಾಗಿಲುಗಳನ್ನೇ ಲಿಗ್ನೊಕೇನ್ ಹೆಚ್ಚಾಗಿ ಹಿಡಿಯುವುದರಿಂದ ಬಡಿತ ಶಾಂತವಾಗುತ್ತದೆ. 1960ರ ದಶಕದಿಂದ ಹೃದ್ರೋಗ ವಾರ್ಡುಗಳಲ್ಲಿ ಇದನ್ನು ಧಾರಾಳವಾಗಿ ಬಳಸಿದರು. ಇಂದು ಬೇರೆ ಔಷಧಗಳು ಮುಂದೆ ಬಂದಿದ್ದರೂ ಇದನ್ನು ಕೈಬಿಟ್ಟಿಲ್ಲ. ಆ ಕೆಲಸಕ್ಕೆ ರಕ್ತನಾಳಕ್ಕೆ ನೇರವಾಗಿ ಕೊಡುವ ಮೊದಲ ಪ್ರಮಾಣ, ದೇಹತೂಕದ ಕಿಲೋಗ್ರಾಂ ಒಂದಕ್ಕೆ 1ರಿಂದ 1.5 ಮಿಲಿಗ್ರಾಂ, ಅಂದರೆ 60 ಕಿಲೋಗ್ರಾಂ ತೂಕದವರಿಗೆ 60ರಿಂದ 90 ಮಿಲಿಗ್ರಾಂ. ದಂತವೈದ್ಯರು ಬಳಸುವುದು ಶೇಕಡಾ 2ರ ದ್ರಾವಣ, ಅಂದರೆ ಮಿಲಿಲೀಟರಿಗೆ 20 ಮಿಲಿಗ್ರಾಂ. ಅವರು 2 ಮಿಲಿಲೀಟರನ್ನು ಚುಚ್ಚಿದರೆ 40 ಮಿಲಿಗ್ರಾಂ ಆಯಿತು. ಅದೂ ರಕ್ತನಾಳಕ್ಕಲ್ಲ, ದವಡೆಯ ಮಾಂಸಕ್ಕೆ. ಮಿತಿಯಲ್ಲಿರುವ ಲಿಗ್ನೊಕೇನ್ ತಾಳ ತಪ್ಪಿದ ಹೃದಯಕ್ಕೆ ಹೆದರಿಕೆಯ ವಸ್ತುವಲ್ಲವೆಂಬುದು ಇದರಿಂದ ಸ್ಪಷ್ಟ. ಮಿತಿ ಮೀರಿದರೆ ಮಾತು ಬೇರೆ. ಆಗ ತುಟಿಯ ಸುತ್ತ ಜುಮುಗುಡುವುದು, ಕಿವಿಯಲ್ಲಿ ಮೊರೆತ, ಅನಂತರ ಸೆಳವು, ಕೊನೆಗೆ ಹೃದಯದ ಕುಗ್ಗುವಿಕೆಗೇ ಧಕ್ಕೆ. ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಪ್ರಚೋದನೆ ಇಳಿಯುವ ದಾರಿಯೇ ತೀವ್ರವಾಗಿ ಕಟ್ಟಿಕೊಂಡಿರುವವರ ವಿಷಯದಲ್ಲಿಯೂ ಎಚ್ಚರಿಕೆ ಹೆಚ್ಚು ಬೇಕು.

ಹಾಗಾದರೆ ಸೂಜಿ ಚುಚ್ಚಿದ ಒಂದೆರಡು ನಿಮಿಷದಲ್ಲಿ ಎದೆ ಢವಢವ ಬಡಿದುಕೊಂಡಿತೆಂದು ಜನ ಹೇಳುವುದು ಸುಳ್ಳೇ? ಸುಳ್ಳಲ್ಲ. ಅದು ಎರಡನೆಯ ಮದ್ದಿನ ಕೆಲಸ.

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಸುರಿಸುವ ಹಾರ್ಮೋನು ಅಡ್ರಿನಲಿನ್. ಹಾವನ್ನು ಕಂಡು ಹೌಹಾರಿದಾಗ, ಪರೀಕ್ಷೆಯ ಪ್ರಶ್ನಪತ್ರಿಕೆ ಕೈಗೆ ಬಂದಾಗ ಎದೆ ಹೊಡೆದುಕೊಳ್ಳುವುದು ಇದರಿಂದಲೇ. ಜಪಾನಿನ ಜೋಕಿಚಿ ತಕಮಿನೆ ತನ್ನ ಸಹಾಯಕ ಉಎನಾಕನೊಡನೆ ನ್ಯೂಯಾರ್ಕಿನಲ್ಲಿ ಇದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ 1901ರಲ್ಲಿ ಪ್ರಕಟಿಸಿದನು. ಇದನ್ನು ಅರಿವಳಿಕೆಯೊಡನೆ ಬೆರೆಸುವ ಉಪಾಯ 1903ರಲ್ಲಿ ಹೈನ್ರಿಕ್ ಬ್ರಾನ್ ಎಂಬ ಜರ್ಮನ್ ಶಸ್ತ್ರವೈದ್ಯನದು. ಅಡ್ರಿನಲಿನ್ ಚುಚ್ಚಿದೆಡೆಯಲ್ಲಿ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಆಗ ಅರಿವಳಿಕೆ ರಕ್ತದೊಡನೆ ಕೊಚ್ಚಿಹೋಗದೆ ಅಲ್ಲಿಯೇ ನಿಲ್ಲುತ್ತದೆ, ಹಲ್ಲು ಕಿತ್ತಾಗ ರಕ್ತವೂ ಕಡಿಮೆ ಒಸರುತ್ತದೆ. ಬರಿಯ ಲಿಗ್ನೊಕೇನಿನಿಂದ ಹಲ್ಲಿನ ಒಳತಿರುಳು ಮರಗಟ್ಟಿರುವುದು ಸುಮಾರು ಐದು ಹತ್ತು ನಿಮಿಷ ಮಾತ್ರ. ಅಡ್ರಿನಲಿನ್ ಸೇರಿಸಿದರೆ ಅದು ಸುಮಾರು ಒಂದು ಗಂಟೆಯಾಗುತ್ತದೆ. ಈ ಅಂತರವನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಮುಂದಿನ ವಾದವೆಲ್ಲಾ ಇದರ ಮೇಲೆ ನಿಂತಿದೆ.

ಸೀಸೆಯ ಮೇಲೆ "1:80,000" ಎಂದು ಬರೆದಿರುತ್ತದೆ. ಇದರ ಅರ್ಥವನ್ನು ಹೈಸ್ಕೂಲಿನ ಗಣಿತದಿಂದಲೇ ಬಿಡಿಸಬಹುದು. 80,000 ಮಿಲಿಲೀಟರ್ ದ್ರಾವಣದಲ್ಲಿ 1 ಗ್ರಾಂ ಅಡ್ರಿನಲಿನ್ ಇದೆ. ಒಂದು ಗ್ರಾಮಿಗೆ ಹತ್ತು ಲಕ್ಷ ಮೈಕ್ರೋಗ್ರಾಂ. ಅದನ್ನು 80,000ದಿಂದ ಭಾಗಿಸಿದರೆ ಮಿಲಿಲೀಟರ್ ಒಂದಕ್ಕೆ 12.5 ಮೈಕ್ರೋಗ್ರಾಂ ಬರುತ್ತದೆ. 2 ಮಿಲಿಲೀಟರಿನ ಸಿರಿಂಜು ತುಂಬಿದರೆ 25 ಮೈಕ್ರೋಗ್ರಾಂ. ತೀವ್ರ ಅಲರ್ಜಿಯಿಂದ ಉಸಿರುಗಟ್ಟಿದವರ ಪ್ರಾಣ ಉಳಿಸಲು ತೊಡೆಗೆ ಚುಚ್ಚುವ ಅಡ್ರಿನಲಿನ್ ಸಾಮಾನ್ಯವಾಗಿ 500 ಮೈಕ್ರೋಗ್ರಾಂ. ದಂತವೈದ್ಯರದು ಅದರ ಇಪ್ಪತ್ತರಲ್ಲೊಂದು ಭಾಗ. 1955ರಲ್ಲಿ ನ್ಯೂಯಾರ್ಕ್ ಹೃದಯ ಸಂಘದ ವಿಶೇಷ ಸಮಿತಿಯೊಂದು, ಹಲ್ಲಿನ ಚಿಕಿತ್ಸೆಯ ಒಂದು ಸರದಿಯಲ್ಲಿ 200 ಮೈಕ್ರೋಗ್ರಾಮಿನವರೆಗೆ ಮಿತಿಯೆಂದು ಹೇಳಿತ್ತು. ಇಂದು ಆ ಮಿತಿಯನ್ನು ಆರೋಗ್ಯವಂತರಿಗೆ ಇಟ್ಟುಕೊಂಡು, ಹೃದ್ರೋಗಿಗಳಿಗೆ ಅದರ ಐದನೆಯ ಒಂದು ಭಾಗವನ್ನು, ಅಂದರೆ 40 ಮೈಕ್ರೋಗ್ರಾಮನ್ನು ಮೇರೆಯಾಗಿ ಅನುಸರಿಸುವುದು ರೂಢಿ.

ಈ ಮೇರೆಯನ್ನು ನಮ್ಮ ಸಿರಿಂಜಿಗೆ ಅನ್ವಯಿಸಿ ನೋಡಿ. 40ನ್ನು 12.5ರಿಂದ ಭಾಗಿಸಿದರೆ 3.2 ಮಿಲಿಲೀಟರ್. ಅಂದರೆ 1:80,000ದ ಸೀಸೆಯಿಂದ ಒಂದು ಸಿರಿಂಜು ಕೊಡುವುದಕ್ಕೆ ಅಡ್ಡಿಯಿಲ್ಲ, ಆದರೆ ಎರಡನೆಯದು ಪೂರ್ತಿ ಒಳಗೆ ಹೋಗುವ ಮೊದಲೇ ಗೆರೆ ದಾಟಿರುತ್ತದೆ. 1:2,00,000 ಎಂಬ ತೆಳುವಾದ ಬಗೆಯಲ್ಲಿ ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಮಾತ್ರ. ಅದರಲ್ಲಿ 8 ಮಿಲಿಲೀಟರಿನವರೆಗೂ ಅವಕಾಶವಿದೆ. ಒಂದೇ ದಿನ ನಾಲ್ಕು ಹಲ್ಲು ಕೀಳಿಸಿಕೊಂಡುಬಿಡುವ ಆತುರ ಹೃದ್ರೋಗಿಗಳಿಗೆ ಏಕೆ ಸಲ್ಲದೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

"ಇಷ್ಟೆಲ್ಲಾ ಲೆಕ್ಕವೇಕೆ? ಅಡ್ರಿನಲಿನ್ ಇಲ್ಲದ ಮದ್ದನ್ನೇ ಕೊಟ್ಟುಬಿಡಲಿ" ಎಂದು ಕೆಲವರು ಕೇಳಬಹುದು. ಅನೇಕ ದಂತವೈದ್ಯರು ಹಾಗೆ ಮಾಡುವುದೂ ಉಂಟು. ಎರಡು ನಿಮಿಷದ ಕೆಲಸಕ್ಕೆ ಅದು ಸರಿ. ಆದರೆ ಬೇರು ಸೊಟ್ಟಗಿರುವ ದವಡೆಹಲ್ಲನ್ನು ಕೀಳಲು ಅರ್ಧ ಗಂಟೆ ಹಿಡಿಯಿತೆನ್ನಿ. ಹತ್ತನೆಯ ನಿಮಿಷಕ್ಕೆ ಮರಗಟ್ಟಿದ್ದು ಬಿಟ್ಟುಹೋಗಿ ಇಕ್ಕಳ ಹಲ್ಲಿನ ಮೇಲಿರುವಾಗಲೇ ನೋವು ಚಿಮ್ಮುತ್ತದೆ. ಆಗ ರೋಗಿಯ ಸ್ವಂತ ಅಡ್ರಿನಲ್ ಗ್ರಂಥಿಗಳು ಸುಮ್ಮನಿರುವುದಿಲ್ಲ. ಸಿರಿಂಜಿನಲ್ಲಿರುವ ಅಡ್ರಿನಲಿನನ್ನು ವೈದ್ಯರು ಅಳೆದು ಕೊಡುತ್ತಾರೆ. ಒಳಗಿನಿಂದ ಸುರಿಯುವುದನ್ನು ಅಳೆಯುವವರು ಯಾರೂ ಇಲ್ಲ, ನೋವು ನಿಲ್ಲುವ ತನಕ ಅದು ನಿಲ್ಲುವುದೂ ಇಲ್ಲ. ಆದುದರಿಂದ ಬಡಿತ ಔಷಧದಿಂದ ಹಿಡಿತದಲ್ಲಿರುವ ರೋಗಿಗೆ, ಅಳತೆಯ ಅಡ್ರಿನಲಿನ್ ಕೂಡಿದ ಪೂರ್ಣ ಅರಿವಳಿಕೆಯೇ ಅರೆಬರೆ ಅರಿವಳಿಕೆಗಿಂತ ಕ್ಷೇಮಕರ ಎಂಬುದು ಇಂದಿನ ವೈದ್ಯರ ಸಾಮಾನ್ಯ ಅಭಿಪ್ರಾಯ. ನಮಗೂ ಅದೇ ಸರಿ ಎನಿಸುತ್ತದೆ. ಕ್ಯೂ-ಟಿ ದೀರ್ಘತೆ ಇರುವವರಿಗೆ, ಔಷಧಕ್ಕೂ ಬಗ್ಗದೆ ಬಡಿತ ಓಡುತ್ತಿರುವವರಿಗೆ ಈ ಮಾತು ಅನ್ವಯಿಸದು; ಅವರ ವಿಷಯವನ್ನು ಹೃದ್ರೋಗ ತಜ್ಞರೇ ತೀರ್ಮಾನಿಸಬೇಕು.

ಎಷ್ಟು ಮದ್ದು ಎಂಬುದರಂತೆಯೇ ಹೇಗೆ ಚುಚ್ಚುತ್ತಾರೆ ಎಂಬುದೂ ಮುಖ್ಯ. ಕೆಳದವಡೆಯ ನರದ ಪಕ್ಕದಲ್ಲಿಯೇ ರಕ್ತನಾಳಗಳು ಸಾಗುತ್ತವೆ. ಸೂಜಿಯ ತುದಿ ಅದರೊಳಗೆ ಹೊಕ್ಕಿದ್ದರೆ ಸ್ವಲ್ಪ ಮದ್ದೇ ಹೃದಯಕ್ಕೆ ಒಮ್ಮೆಗೇ ತಲುಪಿ ಎದೆ ಬಡಿದುಕೊಳ್ಳುತ್ತದೆ. ಆದುದರಿಂದ ಚುಚ್ಚಿದ ಕೂಡಲೆ ದಂತವೈದ್ಯರು ಸಿರಿಂಜಿನ ಹಿಡಿಕೆಯನ್ನು ಕೊಂಚ ಹಿಂದಕ್ಕೆಳೆದು, ರಕ್ತ ಬರುವುದೋ ಎಂದು ನೋಡುತ್ತಾರೆ. ಬಾರದಿದ್ದರೆ ಮಿಲಿಲೀಟರಿಗೆ ಒಂದು ನಿಮಿಷದಂತೆ ನಿಧಾನವಾಗಿ ತಳ್ಳುತ್ತಾರೆ. ಹಲ್ಲಿನ ಮತ್ತು ಎಲುಬಿನ ನಡುವಣ ಸಂದಿಗೆ, ಅಥವಾ ಎಲುಬಿನೊಳಕ್ಕೇ ಅಡ್ರಿನಲಿನ್ ಚುಚ್ಚುವ ವಿಧಾನಗಳು ರಕ್ತನಾಳಕ್ಕೆ ಚುಚ್ಚಿದಂತೆಯೇ ಬೇಗ ಹೃದಯವನ್ನು ಮುಟ್ಟುವುದರಿಂದ ಇಂಥ ರೋಗಿಗಳಲ್ಲಿ ಅವನ್ನು ಬಿಡುವುದು ಒಳ್ಳೆಯದು.

ಇಷ್ಟಾದರೂ ಕೆಲವೊಮ್ಮೆ ಎದೆ ಬಡಿದುಕೊಳ್ಳಬಹುದು. ರಕ್ತದಲ್ಲಿ ಅಡ್ರಿನಲಿನ್ ಬಹು ಬೇಗ ನಾಶವಾಗುವುದರಿಂದ ಕೆಲವೇ ನಿಮಿಷಗಳಲ್ಲಿ ಅದು ಇಳಿಯುತ್ತದೆ. ಇದನ್ನು "ಇಂಜೆಕ್ಷನ್ ಅಲರ್ಜಿ" ಎಂದು ಮನೆಯವರು ಚೀಟಿಯಲ್ಲಿ ಬರೆಸಿಟ್ಟು, ಮುಂದೆ ಜೀವಮಾನವೆಲ್ಲಾ ಅರಿವಳಿಕೆಗೆ ಹೆದರುವ ಉದಾಹರಣೆಗಳು ನಮ್ಮ ಕಡೆ ಬೇಕಾದಷ್ಟಿವೆ. ಇನ್ನು ದಂತವೈದ್ಯರ ಕುರ್ಚಿಯಲ್ಲಿ ಅತಿ ಸಾಮಾನ್ಯವಾದ ಅವಘಡವೆಂದರೆ ಬವಳಿ ಬರುವುದು. ಇದರಲ್ಲಿ ಆಗುವುದು ತದ್ವಿರುದ್ಧ: ಮುಖ ಬಿಳಿಚಿ, ಬೆವರಿ, ನಾಡಿ ನಿಧಾನವಾಗುತ್ತದೆ. ಮಲಗಿಸಿ ಕಾಲುಗಳನ್ನು ಮೇಲಕ್ಕೆತ್ತಿದರೆ ಬಹುಮಂದಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಏಕಾದಶಿಯ ಉಪವಾಸದಲ್ಲಿ ಹಲ್ಲು ಕೀಳಿಸಿಕೊಳ್ಳಲು ಬರುವವರಿಗೆ ಬವಳಿ ಬೇಗ ಬರುತ್ತದೆ. ಸ್ಥಾನಿಕ ಅರಿವಳಿಕೆಗೆ ಹೊಟ್ಟೆ ಖಾಲಿಯಿರಬೇಕೆಂಬ ನಿಯಮವೇನೂ ಇಲ್ಲ. ಎದೆಯ ಓಟ ನಿಲ್ಲದಿದ್ದರೆ, ಎದೆನೋವು ಅಥವಾ ಉಬ್ಬಸ ಬಂದರೆ, ಮಲಗಿಸಿದರೂ ಪ್ರಜ್ಞೆ ಮರಳದಿದ್ದರೆ ಕಾಯದೆ 108ಕ್ಕೆ ಕರೆಮಾಡಬೇಕು.

ಹೃದಯದ ಮಾತ್ರೆಗಳಿಗೂ ಸೂಜಿಮದ್ದಿಗೂ ನಡೆಯುವ ಜಗಳ ಇನ್ನೊಂದು ಅಧ್ಯಾಯ. ಅಡ್ರಿನಲಿನ್ ಕೆಲವು ರಕ್ತನಾಳಗಳನ್ನು ಬಿಗಿಯುತ್ತದೆ, ಸ್ನಾಯುಗಳಲ್ಲಿರುವ ಕೆಲವನ್ನು ಸಡಿಲಿಸುತ್ತದೆ, ಹೃದಯವನ್ನು ಓಡಿಸುತ್ತದೆ. ಪ್ರೊಪ್ರನೊಲಾಲ್ ಎಂಬ ಮಾತ್ರೆ ಇವುಗಳಲ್ಲಿ ಕೊನೆಯ ಎರಡನ್ನೂ ತಡೆಯುವುದರಿಂದ ಬಿಗಿಯುವ ಕೆಲಸವೊಂದೇ ಉಳಿದು, ರಕ್ತದೊತ್ತಡ ಒಮ್ಮೆಗೇ ಏರಿ, ಅದಕ್ಕೆ ಉತ್ತರವಾಗಿ ಹೃದಯ ಅತಿಯಾಗಿ ನಿಧಾನವಾಗಬಹುದು. ನಮ್ಮ ತಾತ ನುಂಗುತ್ತಿರುವ ಮೆಟೊಪ್ರೊಲಾಲ್ ಮುಖ್ಯವಾಗಿ ಹೃದಯದ ಮೇಲೆಯೇ ಕೆಲಸ ಮಾಡುವುದರಿಂದ ಅದರಲ್ಲಿ ಈ ತೊಡಕು ಕಡಿಮೆ. ಪ್ರೊಪ್ರನೊಲಾಲನ್ನು ಅರೆತಲೆನೋವಿಗೂ ಕೈನಡುಕಕ್ಕೂ ಕೊಡುವುದುಂಟು. ಅಂಥವರು "ನನಗೆ ಹೃದಯದ ತೊಂದರೆ ಇಲ್ಲವಲ್ಲ" ಎಂದು ಈ ಮಾತ್ರೆಯ ಹೆಸರನ್ನೇ ಹೇಳುವುದಿಲ್ಲ. ಡಿಜಾಕ್ಸಿನ್ ಸೇವಿಸುವವರಲ್ಲಿಯೂ ಅಡ್ರಿನಲಿನ್ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಆದರೆ ಸೂಜಿ ಇದೆಯೆಂದು ಬೆಳಗಿನ ಮಾತ್ರೆಯನ್ನು ತಾವಾಗಿಯೇ ಬಿಡುವುದು ದೊಡ್ಡ ತಪ್ಪು. ಹಿಡಿತ ತಪ್ಪಿದ ಹೃದಯ ಅಂದೇ ಓಡತೊಡಗಬಹುದು.

ತಾತನ ಎರಡನೆಯ ಮಾತ್ರೆ ಎಸಿಟ್ರಾಮ್. ಅದುರುವ ಹೃತ್ಕರ್ಣದಲ್ಲಿ ರಕ್ತ ಮಡುಗಟ್ಟಿ ಹೆಪ್ಪಾಗಿ, ಆ ಹೆಪ್ಪು ಮೆದುಳಿಗೆ ಹಾರಿದರೆ ಲಕ್ವ ಹೊಡೆಯುತ್ತದೆ. ಅದನ್ನು ತಡೆಯಲು ಈ ಮಾತ್ರೆ. ಹಲ್ಲು ಕೀಳುವ ಮುನ್ನ ನಾಲ್ಕೈದು ದಿನ ಇದನ್ನು ನಿಲ್ಲಿಸುವ ಹಳೆಯ ವಾಡಿಕೆಯನ್ನು ಈಗ ಕೈಬಿಟ್ಟಿದ್ದಾರೆ. ಹಲ್ಲಿನ ಕುಳಿಯಿಂದ ರಕ್ತ ಒಸರಿದರೆ ಹತ್ತಿಯನ್ನೊತ್ತಿ, ಹೊಲಿಗೆ ಹಾಕಿ, ಟ್ರಾನೆಕ್ಸಾಮಿಕ್ ಆಮ್ಲದ ದ್ರಾವಣವನ್ನು ಬಳಸಿ ನಿಲ್ಲಿಸಬಹುದು. ಮೆದುಳಿಗೆ ಹೋದ ಹೆಪ್ಪಿಗೆ ಅಷ್ಟು ಸುಲಭದ ಉಪಾಯವಿಲ್ಲ. ರಕ್ತ ಎಷ್ಟು ತೆಳುವಾಗಿದೆ ಎಂಬುದನ್ನು ಐ.ಎನ್.ಆರ್. ಎಂಬ ಸಂಖ್ಯೆ ಸೂಚಿಸುತ್ತದೆ. ಈ ಮಾತ್ರೆಯಿಲ್ಲದವರಲ್ಲಿ ಅದು ಸುಮಾರು 1. ಹೃತ್ಕರ್ಣ ಕಂಪನದವರಲ್ಲಿ 2ರಿಂದ 3ರ ನಡುವೆ ಇರಿಸುತ್ತಾರೆ. ಅದು 4ಕ್ಕಿಂತ ಕಡಿಮೆಯಿದ್ದರೆ ಮಾತ್ರೆ ನಿಲ್ಲಿಸದೆ ಹಲ್ಲು ಕೀಳಬಹುದೆಂದು ಬ್ರಿಟನ್ನಿನ ಮಾರ್ಗದರ್ಶಿಗಳು ಹೇಳುತ್ತವೆ, 3.5ಕ್ಕೆ ಗೆರೆಯೆಳೆಯುವ ವೈದ್ಯರೂ ಇದ್ದಾರೆ. ಪರೀಕ್ಷೆ ಹಿಂದಿನ ದಿನದ್ದಾಗಿದ್ದರೆ ಉತ್ತಮ. ಅಪಿಕ್ಸಬಾನ್, ಡಬಿಗಟ್ರಾನ್ ಮೊದಲಾದ ಹೊಸ ಮಾತ್ರೆಗಳಿಗೆ ಈ ಸಂಖ್ಯೆ ಹೊಂದುವುದಿಲ್ಲ. ಅವುಗಳಲ್ಲಿ ಆ ಬೆಳಗಿನ ಒಂದು ಸರದಿಯನ್ನು ತಡಮಾಡಬೇಕೇ ಬೇಡವೇ ಎಂಬುದನ್ನು ವೈದ್ಯರೇ ಹೇಳಬೇಕು.

ಹಲ್ಲು ಕಿತ್ತ ಮೇಲೆ ಬರೆದುಕೊಡುವ ಚೀಟಿಯಲ್ಲಿ ಇನ್ನೊಂದು ತೊಡಕು ಅಡಗಿದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಗಳು ಎಸಿಟ್ರಾಮಿನೊಡನೆ ಸೇರಿ ರಕ್ತಸ್ರಾವವನ್ನು ಹೆಚ್ಚಿಸುತ್ತವೆ, ಪ್ಯಾರಸಿಟಮಾಲ್ ವಾಸಿ. ಹಲ್ಲಿನ ಸೋಂಕಿಗೆ ನಮ್ಮಲ್ಲಿ ಹೇರಳವಾಗಿ ಬರೆಯುವ ಮೆಟ್ರೊನಿಡಜೋಲ್ ಎಸಿಟ್ರಾಮಿನ ಶಕ್ತಿಯನ್ನು ಏರಿಸಿಬಿಡುತ್ತದೆ. ಕ್ಯೂ-ಟಿ ದೀರ್ಘತೆಯವರಿಗೆ ಅಜಿತ್ರೊಮೈಸಿನ್ ಸಲ್ಲದು. ಹೃದಯಕ್ಕೆ ಕೃತಕ ಕವಾಟವಿರುವವರಿಗೆ, ಹಿಂದೆ ಹೃದಯದ ಒಳಪೊರೆಗೆ ಸೋಂಕು ತಗುಲಿದ್ದವರಿಗೆ, ಹಾಗೂ ಹುಟ್ಟಿನಿಂದ ಬಂದ ಕೆಲವು ಹೃದ್ರೋಗಗಳುಳ್ಳವರಿಗೆ ಹಲ್ಲು ಕೀಳುವ ಅರ್ಧದಿಂದ ಒಂದು ಗಂಟೆ ಮೊದಲು ಅಮಾಕ್ಸಿಸಿಲಿನ್ ಕೊಡಬೇಕಾಗುತ್ತದೆ. ಬರಿಯ ತಾಳದ ತೊಂದರೆಗೆ ಅದು ಬೇಡ.

ಪೇಸ್‌ಮೇಕರ್ ಇರುವವರಿಗೆ ಅರಿವಳಿಕೆಯಿಂದ ವಿಶೇಷ ತೊಂದರೆಯೇನೂ ಇಲ್ಲ. ವಿದ್ಯುತ್ತಿನಿಂದ ಒಸಡು ಕೊಯ್ಯುವ ಉಪಕರಣವನ್ನೂ ಹಲ್ಲುಪಾಚಿ ತೆಗೆಯುವ ಕೆಲವು ಹಳೆಯ ಯಂತ್ರಗಳನ್ನೂ ದೂರವಿಡಬೇಕು, ಅಷ್ಟೆ. ಇತ್ತೀಚೆಗೆ ಹೃದಯಾಘಾತವಾದವರು, ಬಡಿತ ಹಿಡಿತಕ್ಕೆ ಬಾರದವರು ಮಾತ್ರ ಹಲ್ಲಿನ ಕೆಲಸವನ್ನು ಮುಂದೂಡಬೇಕು. ಮುಂದೂಡಲಾಗದ ತುರ್ತಿದ್ದರೆ ನಾಡಿಯನ್ನೂ ಇ.ಸಿ.ಜಿ.ಯನ್ನೂ ನೋಡುತ್ತಾ ಚಿಕಿತ್ಸೆ ಮಾಡಬಲ್ಲ ದೊಡ್ಡ ಸ್ಥಳ ಬೇಕು. ಊರಿನ ಈ ಭಾಗದಲ್ಲಿ ಮತ್ತೀಕೆರೆಯ ಬಳಿಯ ರಾಮಯ್ಯ ಆವರಣದಲ್ಲಿ ದಂತವೈದ್ಯ ಕಾಲೇಜೂ ದೊಡ್ಡ ಆಸ್ಪತ್ರೆಯೂ ಅಕ್ಕಪಕ್ಕದಲ್ಲಿವೆ.

ಈಗ ಆರ್.ಟಿ. ನಗರದ ತಾತನ ಬಳಿಗೆ ಮರಳೋಣ. ಮೊಮ್ಮಗಳು ಕಾಗದದಲ್ಲಿ ಎಲ್ಲವನ್ನೂ ಬರೆದಳೆನ್ನಿ. ದಂತವೈದ್ಯರು ಅವರನ್ನು ಅಂದು ವಾಪಸು ಕಳುಹಿಸಿದ್ದು ನಿಜ. ತಾತ ದಾರಿಯುದ್ದಕ್ಕೂ ಗೊಣಗಿದ್ದೂ ನಿಜ. ಆದರೆ ಬರಿಗೈಯಲ್ಲಿ ಕಳುಹಿಸಲಿಲ್ಲ. ಹೃದ್ರೋಗ ವೈದ್ಯರಿಗೆ ನಾಲ್ಕು ಸಾಲಿನ ಪತ್ರ ಬರೆದುಕೊಟ್ಟರು: ಒಂದು ಕೆಳದವಡೆಹಲ್ಲು ಕೀಳಬೇಕಾಗಿದೆ, 1:80,000 ಅಡ್ರಿನಲಿನ್ ಕೂಡಿದ ಲಿಗ್ನೊಕೇನ್ 2 ಮಿಲಿಲೀಟರ್ ಬಳಸಬೇಕೆಂದಿದ್ದೇವೆ, ಐ.ಎನ್.ಆರ್. ತಿಳಿಸಿ, ಬಡಿತ ಹಿಡಿತದಲ್ಲಿದೆಯೇ ತಿಳಿಸಿ. "ಹಲ್ಲು ಕೀಳಬಹುದೇ?" ಎಂದು ಮಾತ್ರ ಕೇಳುವ ಪತ್ರಕ್ಕೆ "ಕೀಳಬಹುದು" ಎಂಬ ಒಂದೇ ಪದದ ಉತ್ತರ ಬರುತ್ತದೆ, ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಜಯನಗರದ ಹೃದಯ ವೈದ್ಯರೂ ಆರ್.ಟಿ. ನಗರದ ದಂತವೈದ್ಯರೂ ಒಬ್ಬರನ್ನೊಬ್ಬರು ಕಾಣುವ ಸಂಭವವಿಲ್ಲವಾದುದರಿಂದ ಈ ಪತ್ರ ಹೊತ್ತು ಊರಿನ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿಬರುವ ಕೆಲಸ ಮೊಮ್ಮಗಳ ಪಾಲಿಗೆ ಬಂತು. ಮೂರನೆಯ ದಿನ ಬೆಳಿಗ್ಗೆ ತಾತ ಇಡ್ಲಿ ತಿಂದು, ಮಾತ್ರೆ ನುಂಗಿ, ಐ.ಎನ್.ಆರ್. 2.6 ಎಂಬ ಚೀಟಿಯೊಡನೆ ಕುರ್ಚಿಯಲ್ಲಿ ಕುಳಿತರು. ಒಂದು ಸಿರಿಂಜು ಸಾಕಾಯಿತು. ಹಲ್ಲು ಬಂದ ಮೇಲೆ ಎರಡು ಹೊಲಿಗೆ, ಅರ್ಧ ಗಂಟೆ ಹತ್ತಿ ಕಚ್ಚಿ ಕೂರುವುದು, ನೋವಿಗೆ ಪ್ಯಾರಸಿಟಮಾಲ್. ತುಟಿಯ ಮರಗಟ್ಟುವಿಕೆ ಇಳಿಯುವವರೆಗೆ ಬಿಸಿ ಕಾಫಿ ಕುಡಿಯಕೂಡದೆಂದು ವೈದ್ಯರು ಹೇಳಿದಾಗ ಮಾತ್ರ ಅವರ ಮುಖ ಸಣ್ಣದಾಯಿತು.